ತಗಡಿನಲ್ಲೊಂದು ದುಂಡು ತೂತು

ಲೋಹದ ವಿಮಾನದ ರೆಕ್ಕೆಯ ಹೊದಿಕೆ ಬಿಚ್ಚಿದರೆ ಒಳಗಿನ ಅಡ್ಡಪಟ್ಟಿಗಳಲ್ಲಿ ದೊಡ್ಡ ದೊಡ್ಡ ತೂತುಗಳು ಸಾಲಾಗಿ ಕಾಣುತ್ತವೆ. ಭಾರ ಇಳಿಸಲೆಂದೇ ಕೊರೆದವು ಅವು. ಚಳ್ಳಕೆರೆಯವರಿಗೆ ಹಾರುವ ಯಂತ್ರಗಳು ಈಗ ಹೊಸತಲ್ಲ. ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ 2016ರ ನವೆಂಬರ್‌ನಲ್ಲಿ ರುಸ್ತುಂ-2 ಚಾಲಕರಹಿತ ವಿಮಾನ ಮೊದಲ ಸಲ ಹಾರಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕೈಬಿಟ್ಟ ಇಸ್ರೊದ ಮರುಬಳಕೆ ವಾಹನ ತಾನೇ ದಾರಿ ಹಿಡಿದು ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಇದನ್ನೆಲ್ಲ ನೋಡಿ ಹಿತ್ತಿಲ ಶೆಡ್ಡಿನಲ್ಲಿ ಮಾದರಿ ವಿಮಾನ ಕಟ್ಟಲು ಕೂರುವ ಹುಡುಗನಿಗೂ, ಆಂಪ್ಲಿಫೈಯರ್ ಪೆಟ್ಟಿಗೆ ಮಾಡುವ ಹವ್ಯಾಸಿಗೂ ಮೊದಲು ಎದುರಾಗುವ ಕಷ್ಟ ಒಂದೇ: ಅಲ್ಯೂಮಿನಿಯಂ ತಗಡಿನಲ್ಲಿ ಅಚ್ಚುಕಟ್ಟಾದ ದೊಡ್ಡ ತೂತು.

ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಮೇಲೆ ಅಶೋಕನ ಕಾಲದ ಉಳಿಯ ಗುರುತು ಇನ್ನೂ ಇದೆ, ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಶಾಸನವದು. ಕಲ್ಲು ಉಳಿಯ ಪೆಟ್ಟಿಗೆ ಚಕ್ಕೆಯಾಗಿ ಸಿಡಿಯುತ್ತದೆ. ಅಲ್ಯೂಮಿನಿಯಂನ ಸ್ವಭಾವ ಬೇರೆ. ಮೆತ್ತಗಿನ ಈ ಲೋಹ ಬಿಸಿಯಾದಂತೆ ಕೊರೆಯುವ ಸಲಕರಣೆಯ ಹಲ್ಲಿಗೆ ಅಂಟಿಕೊಳ್ಳುತ್ತದೆ. ಅಂಟಿದ ಹಲ್ಲು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಅದಕ್ಕೇ ಬಲ್ಲವರು ಪಕ್ಕದಲ್ಲಿ ಬಟ್ಟಲಿಗಿಷ್ಟು ಸೀಮೆಎಣ್ಣೆ ಇಟ್ಟುಕೊಂಡು ಆಗಾಗ ನಾಲ್ಕು ಹನಿ ಬಿಡುತ್ತಾರೆ.

ದಪ್ಪ ಡ್ರಿಲ್ ಬಿಟ್ ಹಾಕಿ ಒತ್ತಿದರೆ ಆಗುವುದಿಲ್ಲವೇ? ತೆಳು ತಗಡಿನಲ್ಲಿ ಅದು ದುಂಡು ತೂತು ಮಾಡುವುದೇ ಇಲ್ಲ, ಮೂರು ಮೂಲೆಯದು ಮಾಡುತ್ತದೆ. ಆಚೆ ಬದಿಗೆ ಬರುವಾಗ ತಗಡನ್ನು ಕಚ್ಚಿ ಗಿರ್ರನೆ ತಿರುಗಿಸಿಬಿಡುತ್ತದೆ. ಕೈಯಲ್ಲಿ ಹಿಡಿದ ತಗಡು ಆಗ ಕತ್ತಿಯೇ ಸರಿ. ಕೆಳಗೆ ಪ್ಲೈವುಡ್ ತುಂಡು ಕೊಟ್ಟು ಎರಡು ಕಡೆ ಕ್ಲ್ಯಾಂಪ್ ಬಿಗಿಯದೆ ಯಾವ ತೂತಿಗೂ ಕೈ ಹಾಕಬಾರದು.

ಮನೆಯಲ್ಲಿ ಹೆಚ್ಚು ಬಳಕೆಯಾಗುವುದು ಹೋಲ್ ಸಾ. ಬಟ್ಟಲಿನಾಕಾರದ ಗರಗಸ, ನಡುವೆ ದಾರಿ ತೋರುವ ಸಣ್ಣ ಬಿಟ್. ಇಲ್ಲಿ ಕೆಲಸ ಕೆಡಿಸುವುದು ವೇಗ. ನಿಮಿಷಕ್ಕೆ 3000 ಸುತ್ತಿನ ಡ್ರಿಲ್ಲಿನಲ್ಲಿ 6 ಮಿ.ಮೀ. ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 57 ಮೀಟರ್ ಓಡುತ್ತದೆ. ಅದೇ ಡ್ರಿಲ್ಲಿಗೆ 50 ಮಿ.ಮೀ. ಹೋಲ್ ಸಾ ಹಾಕಿದರೆ ಹಲ್ಲುಗಳು 470 ಮೀಟರ್ ಓಡುತ್ತವೆ! ವೇಗ ಇಳಿಸಿ, ಆಗಾಗ ಎತ್ತಿ, ಹಲ್ಲಿನ ಸಂದಿಯ ಪುಡಿ ಕೊಡವಿದರೆ ಮಾತ್ರ ಗೆರೆ ನೇರ್ಪಾಗಿ ಬರುತ್ತದೆ.

ವಾಲ್ವ್ ರೇಡಿಯೊ ಕಾಲದ ಹವ್ಯಾಸಿಗಳ ಬಳಿ ಇನ್ನೂ ಸೊಗಸಾದ ಉಪಾಯವಿತ್ತು. ಒಂಬತ್ತು ಕಡ್ಡಿಯ ವಾಲ್ವಿನ ಸಾಕೆಟ್ಟಿಗೆ ಸುಮಾರು 22 ಮಿ.ಮೀ., ಎಂಟು ಕಡ್ಡಿಯ ದೊಡ್ಡದಕ್ಕೆ ಸುಮಾರು 30 ಮಿ.ಮೀ. ತೂತು ಬೇಕು. ಅವರು ಬಳಸುತ್ತಿದ್ದದ್ದು ಷಾಸಿ ಪಂಚ್. ನಡುವೆ ಸಣ್ಣ ತೂತು ಕೊರೆದು ಬೋಲ್ಟ್ ತೂರಿಸಿ, ಮೇಲೆ ಪಂಚ್, ಕೆಳಗೆ ಡೈ ಕೂರಿಸಿ, ಸ್ಪ್ಯಾನರ್‌ನಿಂದ ಬಿಗಿಯುತ್ತ ಹೋದರಾಯಿತು. ಸದ್ದಿಲ್ಲ, ಪುಡಿಯಿಲ್ಲ, ಬಿಗಿತ ಇದ್ದಕ್ಕಿದ್ದಂತೆ ಸಡಿಲಾದರೆ ತೂತು ಬಿದ್ದಿತೆಂದೇ ಲೆಕ್ಕ. ಒಂದು ಪಂಚಿಗೆ ಒಂದೇ ಅಳತೆ ಎಂಬುದಷ್ಟೇ ಇದರ ತೊಡಕು.

ಯಾವ ಸಲಕರಣೆಯೂ ಇಲ್ಲದವರ ದಾರಿ ಹಳೆಯದು, ನಿಧಾನದ್ದು. 100 ಮಿ.ಮೀ. ತೂತು ಬೇಕೆನ್ನಿ. ಡಿವೈಡರ್‌ನಿಂದ ಆ ಗೆರೆ ಗೀರಿ, ಅದರ ಒಳಗೆ 94 ಮಿ.ಮೀ. ವ್ಯಾಸದ ಇನ್ನೊಂದು ಸುತ್ತು ಎಳೆಯಬೇಕು. ಒಳಸುತ್ತಿನ ಮೇಲೆ ಐದೈದು ಮಿ.ಮೀ.ಗೆ ಸೆಂಟರ್ ಪಂಚ್ ಗುರುತು ಹಾಕಿದರೆ 59 ಗುರುತುಗಳಾಗುತ್ತವೆ. ಅಷ್ಟನ್ನೂ 4 ಮಿ.ಮೀ. ಬಿಟ್ಟಿನಲ್ಲಿ ಕೊರೆದು, ನಡುವಿನ ಎಳೆಗಳನ್ನು ಉಳಿಯಿಂದ ಕಡಿದರೆ ಬಿಲ್ಲೆ ಕಳಚುತ್ತದೆ. ಹಲ್ಲುಹಲ್ಲಾದ ಅಂಚಿನಿಂದ ಹೊರಗೆರೆಗೆ ಉಳಿದಿರುವುದು ಒಂದು ಮಿ.ಮೀ. ಅದು ಅರೆದುಂಡು ಅರದ ಪಾಲು. ಅರಕ್ಕೆ ಮೊದಲೇ ಸೀಮೆಸುಣ್ಣ ಸವರಿದರೆ ಪುಡಿ ಮೆತ್ತಿಕೊಳ್ಳುವುದಿಲ್ಲ. ದಿನದ ಕೊನೆಗೆ ಕೈ ನೋಯುತ್ತದೆ ನಿಜ, ಆದರೆ ಇಷ್ಟು ಅಗ್ಗದಲ್ಲಿ ಇಷ್ಟು ನಿಖರ ಕೆಲಸ ಕೊಡುವ ವಿಧಾನ ಇನ್ನೊಂದಿಲ್ಲ.

ಅಂಚನ್ನು ಇಷ್ಟೊಂದು ನುಣುಪು ಮಾಡುವುದು ಬರೀ ಚೆಂದಕ್ಕಲ್ಲ. ಎಳೆತಕ್ಕೆ ಸಿಕ್ಕ ಅಗಲ ತಗಡಿನ ದುಂಡು ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಷ್ 1898ರಲ್ಲೇ ತೋರಿಸಿದ್ದರು. ಚೂಪು ಮೂಲೆಯಲ್ಲಿ ಅದು ಇನ್ನೂ ಏರುತ್ತದೆ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಜನವರಿಯ ವಿಮಾನದ ಅವಶೇಷ ಎತ್ತಿ ನೋಡಿದಾಗ ಛಾವಣಿಯ ಆಂಟೆನಾ ಕಿಂಡಿಯ ಮೂಲೆಯಲ್ಲಿ, ಒಂದು ಸಣ್ಣ ತೂತಿನಿಂದ ಹೊರಟ ಬಿರುಕು ಕಂಡಿತು. ಆದ್ದರಿಂದ ಶೆಡ್ಡಿನಲ್ಲಿ ಕೊರೆದ ತೂತಿಗೂ ಎರಡೂ ಬದಿಯಲ್ಲಿ ಎದ್ದ ಚೂಪು ಮುಳ್ಳುಗಳನ್ನು (ಬರ್) ತೆಗೆದು, ಬೆರಳು ಸವರಿದರೆ ಎಲ್ಲೂ ತಡೆಯದಂತೆ ನಯವಾದ ಎಮೆರಿ ಕಾಗದ ಉಜ್ಜಬೇಕು.

ಕಳಚಿದ ಬಿಲ್ಲೆಯನ್ನು ಯಾರೂ ಎಸೆಯುವುದಿಲ್ಲ. ಹೋಲ್ ಸಾದಿಂದ ಬಂದದ್ದಕ್ಕೆ ಸರಿಯಾಗಿ ನಡುವೆಯೇ ತೂತಿರುತ್ತದೆ. ಅಂಚು ಅರದಿಂದ ಸಮ ಮಾಡಿದರೆ ದೊಡ್ಡ ವಾಷರ್ ಆಗುತ್ತದೆ. ಎರಡು ಬಿಲ್ಲೆಗಳ ನಡುವೆ ಸ್ವಲ್ಪ ಚಿಕ್ಕ ಮರದ ಗಾಲಿ ಕೂರಿಸಿದರೆ ದಾರ ಜಾರದ ರಾಟೆಯೂ ಸಿದ್ಧ.