ಒಂದೇ ಔಷಧ, ಎರಡು ಲೆಕ್ಕ: ಮೊಡವೆಯ ಲೇಪನ ಮತ್ತು ರಕ್ತ ಕ್ಯಾನ್ಸರಿನ ಗುಳಿಗೆ

ಒಂದೇ ಸರಕು ಎರಡು ಕಡೆ ಎರಡು ಬೆಲೆಗೆ ನಿಲ್ಲುವುದು ವರ್ತಕ ಬಾಂಧವರಿಗೆ ಹೊಸ ಸಂಗತಿಯಲ್ಲ. ಕೊಳ್ಳೇಗಾಲದ ರೇಷ್ಮೆ ನೂಲು ಒಂದು ಮಗ್ಗದಲ್ಲಿ ಸಾಧಾರಣ ವಸ್ತ್ರವಾಗಿಯೂ ಇನ್ನೊಂದರಲ್ಲಿ ಮದುವೆಯ ಜರಿ ಸೀರೆಯಾಗಿಯೂ ಹೊರಬರುತ್ತದೆ. ಆದರೆ ಒಂದೇ ಔಷಧವು ಮುಖದ ಮೊಡವೆಗೆ ಲೇಪನವಾಗಿಯೂ, ಪ್ರಾಣಾಂತಿಕವಾದ ಒಂದು ರಕ್ತ ಕ್ಯಾನ್ಸರಿಗೆ ಗುಳಿಗೆಯಾಗಿಯೂ ಬಳಕೆಯಾಗುತ್ತಿದೆ ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆ ಔಷಧವೇ ಟ್ರೆಟಿನಾಯಿನ್. ಕ್ಯಾನ್ಸರ್ ವೈದ್ಯರು ಇದನ್ನು 'ಎಟ್ರಾ' ಎಂದು ಕರೆಯುತ್ತಾರೆ.

ಲೆಕ್ಕ ಪರಿಶೋಧಕನಿಗೆ ಔಷಧದ ವಿಚಾರ ಏಕೆ ಎಂದು ಓದುಗರು ಕೇಳಬಹುದು. ಕಾರಣಗಳು ಎರಡು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕುಗಳಲ್ಲಿ ಔಷಧ ವ್ಯಾಪಾರವನ್ನೇ ಜೀವನೋಪಾಯ ಮಾಡಿಕೊಂಡ ವರ್ತಕರಿದ್ದಾರೆ. ಈ ಸರಕು ಅವರ ದಾಸ್ತಾನು ಪುಸ್ತಕದಲ್ಲಿ ಇದೆ. ಎರಡನೆಯದಾಗಿ, ಹತ್ತು ವರ್ಷ ದುಡಿದು ಕೂಡಿಟ್ಟ ಬಂಡವಾಳ ಹತ್ತು ದಿನಗಳ ಆಸ್ಪತ್ರೆ ಬಿಲ್ಲಿಗೆ ಕರಗಿಹೋಗುವುದನ್ನು ನನ್ನ ವೃತ್ತಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಚಿಕಿತ್ಸೆಯ ನಿರ್ಧಾರ ವೈದ್ಯರದು. ಆದರೆ ಎಚ್ಚರ ಮತ್ತು ಸಿದ್ಧತೆ ನಮ್ಮ ಕೈಯಲ್ಲಿವೆ.

ಎ ಜೀವಸತ್ವದ ಸಂತತಿ

ಇರುಳುಗುರುಡು ಬಾರದಿರಲೆಂದು ಮಕ್ಕಳಿಗೆ ಹಾಕಿಸುವ ಎ ಜೀವಸತ್ವದ ದ್ರಾವಣ ಎಲ್ಲರಿಗೂ ಪರಿಚಿತ. ಈ ಜೀವಸತ್ವ ದೇಹದೊಳಗೆ ರೆಟಿನಾಯಿಕ್ ಆಮ್ಲವಾಗಿ ಮಾರ್ಪಟ್ಟು, ಜೀವಕೋಶಗಳು ಹೇಗೆ ಬೆಳೆಯಬೇಕು, ಯಾವಾಗ ಪಕ್ವವಾಗಬೇಕು ಎಂಬ ಆಜ್ಞೆಯನ್ನು ನೀಡುತ್ತದೆ. ಟ್ರೆಟಿನಾಯಿನ್ ಎಂದರೆ ಈ ಆಮ್ಲವೇ. ಈ ಬಳಗದ ಔಷಧಗಳಿಗೆಲ್ಲ ರೆಟಿನಾಯಿಡ್ ಎಂಬುದು ಸಾಮಾನ್ಯ ಹೆಸರು.

ಚರ್ಮದ ರಂಧ್ರದಲ್ಲಿ ಸತ್ತ ಕೋಶಗಳೂ ಜಿಡ್ಡೂ ಕಟ್ಟಿಕೊಂಡಾಗ ಮೊಡವೆ ಏಳುತ್ತದೆ. ಟ್ರೆಟಿನಾಯಿನ್ ಲೇಪನವು ಆ ಕಟ್ಟನ್ನು ಸಡಿಲಿಸಿ, ಹೊಸದಾಗಿ ಕಟ್ಟದಂತೆ ತಡೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಈ ಚಿಕಿತ್ಸೆಯನ್ನು ಪ್ರಕಟಿಸಿದರು. 1971ರಲ್ಲಿ ಆ ದೇಶದಲ್ಲಿ ಮಾರಾಟಕ್ಕೆ ಅನುಮತಿ ದೊರೆಯಿತು. ಇದರ ಸಮೀಪದ ಬಂಧುವಾದ ಐಸೊಟ್ರೆಟಿನಾಯಿನ್ ಗುಳಿಗೆ ತೀವ್ರ ಮೊಡವೆಗೆಂದು 1982ರಲ್ಲಿ ಅಲ್ಲಿ ಅನುಮೋದನೆ ಪಡೆಯಿತು.

ಈ ಲೇಪನಕ್ಕೆ ತಾಳ್ಮೆ ಬೇಕು. ಮೊದಲ ಕೆಲವು ವಾರ ಚರ್ಮ ಕೆಂಪಾಗಿ ಸಿಪ್ಪೆ ಏಳುವುದುಂಟು, ಮೊಡವೆ ಹೆಚ್ಚಿದಂತೆ ಕಾಣುವುದೂ ಉಂಟು. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ರಾತ್ರಿ ವೇಳೆ, ಬಟಾಣಿ ಕಾಳಿನಷ್ಟು ಮಾತ್ರ ಹಚ್ಚಬೇಕು. ಹಗಲು ಬಿಸಿಲಿನಿಂದ ಮುಖವನ್ನು ಕಾಪಾಡಿಕೊಳ್ಳಬೇಕು. ಗರ್ಭಿಣಿಯರು ಈ ಬಳಗದ ಔಷಧಗಳಿಂದ ದೂರವಿರಬೇಕು. ಐಸೊಟ್ರೆಟಿನಾಯಿನ್ ಗುಳಿಗೆಯಂತೂ ಗರ್ಭಸ್ಥ ಶಿಶುವಿಗೆ ಘೋರ ಅಂಗವೈಕಲ್ಯ ಉಂಟುಮಾಡಬಲ್ಲದು. ಸೇವನೆ ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಕೂಡದು.

ಹಣ್ಣಾಗದ ಹುಳು

ಈಗ ಎರಡನೆಯ ಬಳಕೆಗೆ ಬರೋಣ. ತೀವ್ರ ಸ್ವರೂಪದ ಮಯಲಾಯ್ಡ್ ರಕ್ತ ಕ್ಯಾನ್ಸರುಗಳಲ್ಲಿ ಸುಮಾರು ಹತ್ತನೆಯ ಒಂದು ಭಾಗ 'ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ' ಎಂಬ ಬಗೆಯದು. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳು ಹಂತ ಹಂತವಾಗಿ ಪಕ್ವವಾಗಿ ರಕ್ತಕ್ಕೆ ಇಳಿಯಬೇಕು. ಈ ರೋಗದಲ್ಲಿ ಅವು ನಡುವಿನ ಒಂದು ಹಂತದಲ್ಲೇ ನಿಂತು, ಪಕ್ವವಾಗದೆ ಸಂಖ್ಯೆಯಲ್ಲಿ ಮಾತ್ರ ಹೆಚ್ಚುತ್ತಾ ಹೋಗುತ್ತವೆ.

ರೇಷ್ಮೆ ಸಾಕುವ ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ನಾಲ್ಕು ಜ್ವರ ಕಳೆದು ಐದನೆಯ ಹಂತ ಮುಗಿಸಿದ ಹುಳು ಹಣ್ಣಾಗಬೇಕು, ಚಂದ್ರಿಕೆ ಏರಿ ಗೂಡು ಕಟ್ಟಬೇಕು. ಹಣ್ಣಾಗದೆ ಸೊಪ್ಪು ತಿನ್ನುತ್ತಲೇ ಉಳಿದ ಹುಳುವಿನಿಂದ ಸೊಪ್ಪೂ ನಷ್ಟ, ತಟ್ಟೆಯ ಜಾಗವೂ ನಷ್ಟ. ಮಜ್ಜೆಯಲ್ಲಿ ಅಪಕ್ವ ಕಣಗಳು ಜಾಗವನ್ನೆಲ್ಲ ತುಂಬಿಕೊಂಡಾಗ ಆಗುವುದೂ ಇದೇ: ಒಳ್ಳೆಯ ಕಣಗಳಿಗೆ ಎಡೆ ಇಲ್ಲದಂತಾಗುತ್ತದೆ.

ಸಾಮಾನ್ಯ ಕಿಮೊಥೆರಪಿ ಅಪಕ್ವ ಕಣಗಳನ್ನು ಕೊಲ್ಲುತ್ತದೆ. ಎಟ್ರಾ ಹಾಗಲ್ಲ, ಅವುಗಳನ್ನು ಹಣ್ಣು ಮಾಡುತ್ತದೆ. ಹುಳುಗಳು ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿಗೆ ಸಿಂಪಡಿಸುವ 'ಸಂಪೂರ್ಣ' ದ್ರಾವಣವನ್ನು ಬಲ್ಲ ಬೆಳೆಗಾರರಿಗೆ ಈ ತತ್ತ್ವ ಅಪರಿಚಿತವೆನಿಸದು. ಪಕ್ವವಾದ ಕಣಗಳು ತಮ್ಮ ಸಹಜ ಆಯುಷ್ಯ ಮುಗಿಸಿ ಅಳಿಯುತ್ತವೆ. ಈ ರೋಗದಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆ ಎಂಬುದನ್ನು ಅಮೆರಿಕದ ಜಾನೆಟ್ ರೌಲಿ 1977ರಲ್ಲಿ ತೋರಿಸಿದರು. ರೆಟಿನಾಯಿಕ್ ಆಮ್ಲದ ಆಜ್ಞೆಯನ್ನು ಸ್ವೀಕರಿಸುವ ಭಾಗವೇ ಈ ಅದಲುಬದಲಿನಲ್ಲಿ ಕೆಟ್ಟಿರುತ್ತದೆ ಎಂಬುದು 1990ರ ಸುಮಾರಿಗೆ ತಿಳಿದುಬಂತು. ಮೊಡವೆಯ ಔಷಧ ಇಲ್ಲಿ ಫಲ ಕೊಡುವುದರ ಗುಟ್ಟು ಇದು.

ಶಾಂಘೈಯಿಂದ ವೆಲ್ಲೂರಿಗೆ

ಗುಟ್ಟು ತಿಳಿಯುವ ಮೊದಲೇ ಔಷಧ ಕೆಲಸ ಮಾಡಿತ್ತು. ಚೀನಾದ ಶಾಂಘೈ ನಗರದ ರುಯಿಜಿನ್ ಆಸ್ಪತ್ರೆಯ ವೈದ್ಯ ವಾಂಗ್ ಝೆನ್‌ಯಿ ಅವರ ತಂಡ, ಕಿಮೊಥೆರಪಿ ಫಲಿಸದಿದ್ದ ಐದು ವರ್ಷದ ಬಾಲಕಿಗೆ 1985ರಲ್ಲಿ ಎಟ್ರಾ ನೀಡಿತು. ಅಲ್ಲಿ ಚರ್ಮರೋಗಕ್ಕೆಂದು ದೊರೆಯುತ್ತಿದ್ದ ಔಷಧವೇ ಅದು. ಕೆಲವೇ ವಾರಗಳಲ್ಲಿ ಮಗು ಚೇತರಿಸಿಕೊಂಡಿತು. 1988ರಲ್ಲಿ ಆ ತಂಡ 24 ರೋಗಿಗಳ ವಿವರ ಪ್ರಕಟಿಸಿತು: 23 ಮಂದಿಗೆ ಎಟ್ರಾ ಒಂದರಿಂದಲೇ, ಉಳಿದ ಒಬ್ಬರಿಗೆ ಅಲ್ಪ ಪ್ರಮಾಣದ ಕಿಮೊ ಸೇರಿಸಿದಾಗ, ರೋಗ ಸಂಪೂರ್ಣವಾಗಿ ತಗ್ಗಿತ್ತು. 1995ರಲ್ಲಿ ಅಮೆರಿಕವೂ ಅನುಮೋದನೆ ನೀಡಿತು.

ನಮ್ಮ ಸಮೀಪದಲ್ಲಿಯೂ ಇಂಥದೇ ಒಂದು ಅಧ್ಯಾಯ ನಡೆದಿದೆ. 1956ಕ್ಕೆ ಮೊದಲು ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಮಿಳು ಸೀಮೆಯ ಆಸ್ಪತ್ರೆಗಳು ನಮ್ಮವರಿಗೆ ಅಪರಿಚಿತವಲ್ಲ. ಅಂಥದೊಂದಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ಎಟ್ರಾ ಮತ್ತು ಕಿಮೊ ಎರಡರ ವೆಚ್ಚವನ್ನೂ ಭರಿಸಲಾಗದ ರೋಗಿಗಳನ್ನು ಕಂಡು, 1998ರಿಂದ ಆರ್ಸೆನಿಕ್ ಟ್ರೈಆಕ್ಸೈಡ್ ಅಂದರೆ ಪಾಷಾಣದ ಚುಚ್ಚುಮದ್ದನ್ನು ತಮ್ಮ ಆಸ್ಪತ್ರೆಯಲ್ಲೇ ತಯಾರಿಸಿ ಬಳಸಿದರು. ವಿಕ್ರಮ್ ಮ್ಯಾಥ್ಯೂಸ್, ಮಮ್ಮೆನ್ ಚಾಂಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವರದಿಯಂತೆ 72 ರೋಗಿಗಳಲ್ಲಿ ಶೇ. 86ರಷ್ಟು ಮಂದಿಗೆ ಈ ಒಂದೇ ಔಷಧದಿಂದ ರೋಗ ತಗ್ಗಿತ್ತು. ಮುಂದೆ 2013ರಲ್ಲಿ ಯುರೋಪಿನ ಅಧ್ಯಯನವೊಂದು, ಅಪಾಯ ಕಡಿಮೆ ಇರುವ ರೋಗಿಗಳಿಗೆ ಕಿಮೊ ಇಲ್ಲದೆ ಎಟ್ರಾ ಮತ್ತು ಪಾಷಾಣ ಎರಡನ್ನೇ ಕೊಟ್ಟಾಗ ಎರಡು ವರ್ಷಗಳ ನಂತರ ಶೇ. 97 ಮಂದಿ ರೋಗ ಮರುಕಳಿಸದೆ ಬದುಕಿದ್ದರೆಂದು ತೋರಿಸಿತು. ಒಂದು ಕಾಲಕ್ಕೆ ಅತಿ ಭೀಕರವೆನಿಸಿದ್ದ ರಕ್ತ ಕ್ಯಾನ್ಸರ್ ಇಂದು ಅತಿ ಹೆಚ್ಚು ಗುಣವಾಗುವ ಬಗೆಗಳಲ್ಲಿ ಒಂದಾಗಿದೆ.

ಎಟ್ರಾ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ 2015ರಲ್ಲಿ ಸೇರಿತು. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದೆ.

ದಿನಗಳ ಲೆಕ್ಕ

ಇಷ್ಟಾಗಿಯೂ ಈ ರೋಗದಿಂದ ಸಾವು ಸಂಭವಿಸುವುದು ಹೆಚ್ಚಾಗಿ ಮೊದಲ ದಿನಗಳಲ್ಲಿಯೇ, ಮಿದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತಸ್ರಾವವಾಗಿ. ಎಲ್ಲ ಸೌಕರ್ಯಗಳುಳ್ಳ ಸ್ವೀಡನ್ ದೇಶದಲ್ಲಿಯೇ ಶೇ. 29ರಷ್ಟು ರೋಗಿಗಳು ಮೊದಲ 30 ದಿನಗಳಲ್ಲಿ ಅಸುನೀಗಿದ್ದರೆಂದು 2011ರ ವರದಿಯೊಂದು ತಿಳಿಸುತ್ತದೆ. ಆದ್ದರಿಂದಲೇ ಶಂಕೆ ಮೂಡಿದೊಡನೆ, ವರ್ಣತಂತು ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ, ಎಟ್ರಾ ಆರಂಭಿಸಬೇಕೆಂಬುದು ತಜ್ಞರ ಸೂಚನೆ.

ನಮ್ಮ ಭಾಗಕ್ಕೆ ಈ ಮಾತು ಬಹು ಮುಖ್ಯವಾದುದು. ಮಹದೇಶ್ವರ ಬೆಟ್ಟದ ಹಳ್ಳಿಗಳಿಂದಲೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಂದಲೋ ಹೊರಟವರು ಕೊಳ್ಳೇಗಾಲ, ಚಾಮರಾಜನಗರ ದಾಟಿ ಮೈಸೂರನ್ನೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯನ್ನೋ ಸೇರುವಷ್ಟರಲ್ಲಿ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಆದಕಾರಣ ಮನೆಯವರಲ್ಲಿ, ಅಂಗಡಿಯ ಹುಡುಗರಲ್ಲಿ, ಕಾರ್ಖಾನೆಯ ಕೆಲಸಗಾರರಲ್ಲಿ ಈ ಚಿಹ್ನೆಗಳನ್ನು ಕಂಡರೆ ಅಂದೇ ಆಸ್ಪತ್ರೆಗೆ ಕಳುಹಿಸಿರಿ:

- ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆ, ಕೆಂಪು ಚುಕ್ಕೆಗಳು;
- ವಸಡು, ಮೂಗಿನಿಂದ ನಿಲ್ಲದ ರಕ್ತ, ಅಥವಾ ಮಿತಿಮೀರಿದ ಮುಟ್ಟಿನ ಸ್ರಾವ;
- ಇವುಗಳ ಜೊತೆ ಜ್ವರ, ವಿಪರೀತ ಸುಸ್ತು.

ರಕ್ತಕಣಗಳ ಎಣಿಕೆ ಮತ್ತು ಗಾಜಿನ ಪಟ್ಟಿಯ ಮೇಲೆ ರಕ್ತ ಲೇಪಿಸಿ ನೋಡುವ ಪರೀಕ್ಷೆ ಸಾಮಾನ್ಯವಾದುವು, ಅಲ್ಪ ವೆಚ್ಚದವು. ಶಂಕೆಗೆ ಅಷ್ಟು ಸಾಕು. ಇಂಥ ರೋಗಿಗೆ ನೋವಿನ ಮಾತ್ರೆ ಕೊಟ್ಟು ಎರಡು ದಿನ ನೋಡೋಣ ಎನ್ನುವುದು ಸಲ್ಲದು. ಗುಳಿಗೆ ಆರಂಭವಾದ ಮೇಲೂ ಉಸಿರಾಟದ ತೊಂದರೆ, ಜ್ವರ, ಮೈಬಾವು ತಲೆದೋರಬಹುದಾದ್ದರಿಂದ ಚಿಕಿತ್ಸೆ ಆಸ್ಪತ್ರೆಯಲ್ಲಿಯೇ ಮೊದಲಾಗಬೇಕು.

ಔಷಧ ವರ್ತಕರ ಹೊಣೆ

ಟ್ರೆಟಿನಾಯಿನ್ ಅನ್ನು ಹೈಡ್ರೊಕ್ವಿನೋನ್ ಮತ್ತು ಸ್ಟಿರಾಯ್ಡಿನೊಡನೆ ಬೆರೆಸಿದ ಮುಲಾಮುಗಳೂ ಮಾರುಕಟ್ಟೆಯಲ್ಲಿವೆ. ಇವು ಬಂಗಿನಂಥ ಕಪ್ಪು ಕಲೆಗಳಿಗೆ ವೈದ್ಯರು ಅಲ್ಪಕಾಲ ಬರೆದುಕೊಡುವಂಥವು. ಆದರೆ 'ಬೆಳ್ಳಗಾಗುವ ಕ್ರೀಮು' ಎಂದು ತಿಂಗಳುಗಟ್ಟಲೆ ಹಚ್ಚಿಕೊಳ್ಳುವವರು ಬಹಳ. ಪರಿಣಾಮವಾಗಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನಷ್ಟು ಹೆಚ್ಚುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ 12 ಕೇಂದ್ರಗಳಿಗೆ ಮುಖದ ತೊಂದರೆಗೆಂದು ಬಂದ 2,926 ರೋಗಿಗಳಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಲೇಪನಗಳನ್ನು ಚೀಟಿ ಇಲ್ಲದೆ ಮಾರದಂತೆ ಷೆಡ್ಯೂಲ್ ಎಚ್‌ಗೆ ತಂದಿತು.

ಗಿರಾಕಿ ಹಳೆಯ ಟ್ಯೂಬು ತೋರಿಸಿ ಅದನ್ನೇ ಕೊಡಿ ಎಂದಾಗ ಇಲ್ಲವೆನ್ನುವುದು ಕಷ್ಟವೇ. ಒಂದು ಟ್ಯೂಬಿನ ಲಾಭ ಕೆಲವೇ ರೂಪಾಯಿ; ಪರವಾನಗಿ ಅಮಾನತಾದರೆ ಅಂಗಡಿಯ ಬಾಡಿಗೆ, ಬ್ಯಾಂಕಿನ ಬಡ್ಡಿ, ಸಿಬ್ಬಂದಿಯ ಸಂಬಳ ನಿಲ್ಲುವುದಿಲ್ಲ. ಚೀಟಿ ನೋಡಿ, ಫಾರ್ಮಸಿಸ್ಟರ ಸಮಕ್ಷಮ ಕೊಟ್ಟು, ಬ್ಯಾಚ್ ಸಂಖ್ಯೆ ಸಹಿತ ಬಿಲ್ಲು ಹಾಕುವುದೇ ವ್ಯಾಪಾರಕ್ಕೂ ಕ್ಷೇಮ. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಹತೋಟಿಗೆಂದು 1986ರಲ್ಲಿ ಕರುಣಾ ಟ್ರಸ್ಟ್ ಆರಂಭವಾಯಿತು. ಚರ್ಮದ ಮೇಲಿನ ಕಲೆಯನ್ನು ವೈದ್ಯರಿಗೆ ತೋರಿಸಬೇಕೆಂಬ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ. ಔಷಧದಂಗಡಿಯೂ ಅದನ್ನು ನೆನಪಿಸಬೇಕು.

ಖರ್ಚಿನ ಬಾಬ್ತು

ಕೊನೆಯದಾಗಿ ನನ್ನ ವೃತ್ತಿಗೆ ಸೇರಿದ ನಾಲ್ಕು ಮಾತು.

1. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಸೌಲಭ್ಯವಿದೆ. ರೇಖೆಯ ಮೇಲಿನವರಿಗೆ ದೊರೆಯುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷ ರೂ. ಮಿತಿಯಲ್ಲಿ. ಸಣ್ಣ ವರ್ತಕರಲ್ಲಿ ಹಲವರು ಈ ಎರಡನೆಯ ಗುಂಪಿನವರು. ಉಳಿದ ಶೇ. 70ಕ್ಕೆ ಅವರೇ ದಾರಿ ನೋಡಿಕೊಳ್ಳಬೇಕು.

2. ಆದಕಾರಣ ಆರೋಗ್ಯ ವಿಮೆ ಅಗತ್ಯ. ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಅದೇ ದಿನದಿಂದ ಶೇ. 12ರ ದರದಲ್ಲಿದ್ದ ಔಷಧಗಳು ಸಾಮಾನ್ಯವಾಗಿ ಶೇ. 5ಕ್ಕೆ ಇಳಿದವು, ಕೆಲವು ಜೀವರಕ್ಷಕ ಔಷಧಗಳಿಗೆ ತೆರಿಗೆಯೇ ಇಲ್ಲವಾಯಿತು.

3. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚಕ್ಕೆ 40,000 ರೂ., ರೋಗಿ ಹಿರಿಯ ನಾಗರಿಕರಾದರೆ 1 ಲಕ್ಷ ರೂ. ವರೆಗೆ ಆದಾಯದಲ್ಲಿ ಕಡಿತ ಉಂಟು. 1961ರ ಕಾಯಿದೆಯಲ್ಲಿ ಇದು ಕಲಂ 80ಡಿಡಿಬಿ; 2025ರ ಹೊಸ ಕಾಯಿದೆಯಲ್ಲಿ ಕಲಂ ಸಂಖ್ಯೆ ಬೇರೆ. ತಜ್ಞ ವೈದ್ಯರ ಚೀಟಿ ಕಡ್ಡಾಯ. ವಿಮೆಯಿಂದ ಬಂದ ಹಣವನ್ನು ಕಳೆದೇ ಲೆಕ್ಕ ಹಾಕಬೇಕು.

4. ಆಸ್ಪತ್ರೆಯ ಬಿಲ್ಲು, ಚೀಟಿ, ಪರೀಕ್ಷಾ ವರದಿಗಳ ಮೂಲಪ್ರತಿಗಳನ್ನು ಒಂದೇ ಕಡತದಲ್ಲಿ ಇಡಿರಿ. ಮನೆಯ ವೈದ್ಯಕೀಯ ವೆಚ್ಚವನ್ನು ಅಂಗಡಿಯ ಖಾತೆಗೆ ಬರೆಯಬೇಡಿರಿ.

ಪಡಿತರ ಚೀಟಿ, ಆಧಾರ್, ವಿಮಾ ಪತ್ರ, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ ಇವಿಷ್ಟನ್ನೂ ಕೈಗೆ ಸಿಗುವಲ್ಲಿ ಇಟ್ಟುಕೊಂಡ ಕುಟುಂಬ ರಾತ್ರಿ ಹನ್ನೆರಡಕ್ಕೂ ಮೈಸೂರಿಗೆ ಹೊರಡಬಲ್ಲದು. ಗುಣಪಡಿಸುವ ಗುಳಿಗೆ ಇದೆ; ರೋಗಿ ಅದರ ಬಳಿಗೆ ಸಕಾಲದಲ್ಲಿ ತಲುಪಬೇಕು. ವರ್ತಕ ಬಾಂಧವರು ಈ ಮಾತನ್ನು ತಮ್ಮ ಸಿಬ್ಬಂದಿಗೂ ತಿಳಿಸಬೇಕೆಂದು ಕೋರುತ್ತೇನೆ.