ಕಿವಿ ಮಂದವಾದರೆ ಬೀಳುವ ಅಪಾಯ ಹೆಚ್ಚುತ್ತದೆಯೇ?

"ವಯಸ್ಸಾಯ್ತು, ಕಿವಿ ಸ್ವಲ್ಪ ಮಂದ, ಅಷ್ಟೇ." ಹಿರಿಯರಿರುವ ಮನೆಗಳಲ್ಲಿ ಆಗಾಗ ಕೇಳುವ ಮಾತಿದು. ಅದೇ ಹಿರಿಯರು ಬಚ್ಚಲಲ್ಲಿ ಬಿದ್ದರೆ ನಾವು ಒದ್ದೆ ನೆಲವನ್ನು ದೂರುತ್ತೇವೆ. ಇಲ್ಲವೇ ಕಣ್ಣಿನ ಪೊರೆ, ಮಂಡಿನೋವು, ಬಿಪಿ ಎನ್ನುತ್ತೇವೆ. ಕಿವಿಯ ಮಾತೇ ಬರುವುದಿಲ್ಲ.

ಆದರೆ ಕಿವಿ ಮಂದವಾಗುವುದಕ್ಕೂ ಬೀಳುವುದಕ್ಕೂ ನಂಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಹಾಗಾಗಿ ಈ ನಂಟನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಒಂದೇ ಕಿವಿ, ಎರಡು ಕೆಲಸ

ನಮ್ಮ ಒಳಗಿವಿಯಲ್ಲಿ ಎರಡು ಭಾಗಗಳಿವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾ ಶಬ್ದವನ್ನು ಗ್ರಹಿಸುತ್ತದೆ. ಅದಕ್ಕೆ ಅಂಟಿಕೊಂಡೇ ಮೂರು ಅರೆವೃತ್ತದ ಕೊಳವೆಗಳು ಮತ್ತು ಎರಡು ಪುಟ್ಟ ಚೀಲಗಳಿವೆ. ತಲೆ ಯಾವ ಕಡೆ ತಿರುಗಿತು, ದೇಹ ಎತ್ತ ವಾಲಿತು ಎಂದು ಮೆದುಳಿಗೆ ತಿಳಿಸುವುದು ಇವುಗಳ ಕೆಲಸ.

ಎರಡೂ ಭಾಗಗಳಲ್ಲಿ ಹರಿಯುವುದು ಒಂದೇ ಬಗೆಯ ದ್ರವ. ಎರಡರಲ್ಲೂ ಸೂಕ್ಷ್ಮ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಎರಡರ ಸುದ್ದಿಯನ್ನೂ ಮೆದುಳಿಗೆ ಒಯ್ಯುವುದು ಎಂಟನೆಯ ಕಪಾಲ ನರ. ಹಾಗಾಗಿ ವಯಸ್ಸು, ಸೋಂಕು ಅಥವಾ ಕೆಲವು ಔಷಧಗಳಿಂದ ಒಂದಕ್ಕೆ ಪೆಟ್ಟಾದಾಗ ಪಕ್ಕದ್ದಕ್ಕೂ ಆಗಬಹುದು. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್‌ನಂಥ ಆಂಟಿಬಯಾಟಿಕ್‌ಗಳು ಸಮತೋಲನ, ಶ್ರವಣ ಎರಡನ್ನೂ ಕೆಡಿಸಬಲ್ಲವು ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತು.

ಅಧ್ಯಯನ ಏನು ಹೇಳುತ್ತದೆ?

2012ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಫ್ರಾಂಕ್ ಲಿನ್ ಮತ್ತು ಅವರ ಸಹೋದ್ಯೋಗಿ 40ರಿಂದ 69 ವರ್ಷದ 2,017 ಜನರ ಮಾಹಿತಿಯನ್ನು ಪರಿಶೀಲಿಸಿದರು. 25 ಡೆಸಿಬಲ್‌ನಷ್ಟು, ಅಂದರೆ ಅಲ್ಪ ಪ್ರಮಾಣದಲ್ಲಿ ಕಿವಿ ಮಂದವಾದವರಲ್ಲೂ ಹಿಂದಿನ ಒಂದು ವರ್ಷದಲ್ಲಿ ಬಿದ್ದಿದ್ದೇವೆ ಎಂದು ಹೇಳುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಿತ್ತು.

ಗಮನಿಸಬೇಕಾದ ಅಂಶ ಇನ್ನೊಂದಿದೆ. ವಯಸ್ಸು, ಹೃದಯದ ಕಾಯಿಲೆಗಳು ಮತ್ತು ಒಳಗಿವಿಯ ಸಮತೋಲನ ಭಾಗದ ಸ್ಥಿತಿ, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ಅಂದರೆ ಸಮತೋಲನದ ಭಾಗ ಕೆಟ್ಟಿರುವುದಷ್ಟೇ ಕಾರಣವಲ್ಲ, ಕೇಳಿಸದಿರುವುದಕ್ಕೂ ಪಾತ್ರವಿರಬಹುದು.

ಕೇಳದಿದ್ದರೆ ಕಾಲು ಯಾಕೆ ತಪ್ಪುತ್ತದೆ?

ಸಂಶೋಧಕರು ಮುಖ್ಯವಾಗಿ ಎರಡು ವಿವರಣೆ ಕೊಡುತ್ತಾರೆ.

ಮೊದಲನೆಯದು, ಶಬ್ದವೂ ಒಂದು ಗುರುತುಗಲ್ಲು. ಫ್ಯಾನಿನ ಸದ್ದು ಮೇಲಿನಿಂದ, ಕುಕ್ಕರ್ ವಿಷಲ್ ಅಡುಗೆಮನೆಯಿಂದ, ಬೈಕ್ ಸದ್ದು ಹಿಂದಿನಿಂದ ಬರುತ್ತದೆ. ಇವುಗಳಿಂದ ನಾವೆಲ್ಲಿದ್ದೇವೆ, ಸುತ್ತ ಏನು ಚಲಿಸುತ್ತಿದೆ ಎಂದು ಮೆದುಳು ಅರಿಯುತ್ತದೆ. ಕರೆಂಟ್ ಹೋದಾಗ ಅಥವಾ ರಾತ್ರಿ ಶೌಚಾಲಯಕ್ಕೆ ಏಳುವಾಗ ಕಣ್ಣು ಅಷ್ಟಾಗಿ ನೆರವಾಗುವುದಿಲ್ಲ. ಆಗ ಈ ಗುರುತುಗಳಿಗೆ ಬೆಲೆ ಹೆಚ್ಚು.

ಎರಡನೆಯದು, ಮೆದುಳಿನ ಮೇಲೆ ಬೀಳುವ ಹೊರೆ. ಸರಿಯಾಗಿ ಕೇಳದವರು ಪ್ರತಿ ಮಾತನ್ನೂ ಊಹಿಸಿ ಅರ್ಥ ಮಾಡಿಕೊಳ್ಳಬೇಕು. ನಡೆಯುವುದಕ್ಕೂ ಗಮನ ಬೇಕೇ ಬೇಕು. ಮೊಮ್ಮಗ ಏನೋ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾ ಮೆಟ್ಟಿಲಿಳಿಯುವ ಅಜ್ಜಿಗೆ ಮಾತು, ಮೆಟ್ಟಿಲು ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಕಷ್ಟ.

ಹಿಯರಿಂಗ್ ಏಡ್‌ನಿಂದ ಪ್ರಯೋಜನವಿದೆಯೇ?

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹಿಯರಿಂಗ್ ಏಡ್ ಬಳಸುವ 14 ಹಿರಿಯರ ಕಣ್ಣು ಮುಚ್ಚಿ, ಫೋಮ್ ಮೇಲೆ ನಿಲ್ಲಿಸಿ ಪರೀಕ್ಷಿಸಿದರು. ಸಾಧನ ಆನ್ ಇದ್ದಾಗ ಅವರು ಹೆಚ್ಚು ಸ್ಥಿರವಾಗಿ ನಿಂತರು. ಇದು ಪುಟ್ಟ ಪ್ರಯೋಗ.

ದೊಡ್ಡ ಅಧ್ಯಯನವೂ ನಡೆದಿದೆ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದಕ್ಕೆ ಹಿಯರಿಂಗ್ ಏಡ್ ಮತ್ತು ತಜ್ಞರ ಸಲಹೆ, ಇನ್ನೊಂದಕ್ಕೆ ಆರೋಗ್ಯ ಶಿಕ್ಷಣ ಮಾತ್ರ. ಮೂರು ವರ್ಷಗಳಲ್ಲಿ ಮೊದಲ ಗುಂಪಿನವರು ಬೀಳುವುದು ಸರಾಸರಿ ಶೇ 27ರಷ್ಟು ಕಡಿಮೆಯಿತ್ತು.

ಹಾಗೆಂದು ಹಿಯರಿಂಗ್ ಏಡ್ ಸಮತೋಲನದ ಔಷಧವಲ್ಲ. ಕೊಳವೆಗಳಿಗೇ ಹಾನಿಯಾಗಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಮತ್ತು ವ್ಯಾಯಾಮ ಬೇಕು.

ನಂಬಿಕೆ ಮತ್ತು ನಿಜ

"ಕಿವಿಗೆ ಬಿಸಿ ಎಣ್ಣೆ ಬಿಟ್ಟರೆ ತಲೆಸುತ್ತು ಹೋಗುತ್ತದೆ." ಇಲ್ಲ. ತಮಟೆ ಸರಿಯಿದ್ದರೆ ಎಣ್ಣೆ ಒಳಗಿವಿಯನ್ನು ತಲುಪುವುದೇ ಇಲ್ಲ, ತೂತಾಗಿದ್ದರೆ ಸೋಂಕಾಗಬಹುದು. ಅಲ್ಲದೆ ದೇಹದ ಉಷ್ಣಕ್ಕಿಂತ ತಣ್ಣಗಿನ ಅಥವಾ ಬಿಸಿಯಾದ ದ್ರವ ಕಿವಿಗೆ ಬಿದ್ದರೆ ತಲೆ ತಿರುಗುತ್ತದೆ! ಇದನ್ನು ವಿವರಿಸಿದ ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿ ಅವರಿಗೆ ಒಳಗಿವಿಯ ಸಮತೋಲನದ ಕುರಿತ ಸಂಶೋಧನೆಗಾಗಿ 1914ರ ನೊಬೆಲ್ ಪ್ರಶಸ್ತಿ ಬಂತು.

"ಹಿಯರಿಂಗ್ ಏಡ್ ಹಾಕಿದರೆ ಕಿವಿ ಇನ್ನೂ ಹಾಳಾಗುತ್ತದೆ." ಇಲ್ಲ. ಪರೀಕ್ಷೆ ಮಾಡಿಸಿ, ತಜ್ಞರಿಂದ ಸರಿಯಾಗಿ ಹೊಂದಿಸಿಕೊಂಡ ಸಾಧನ ಕಿವಿ ಕೆಡಿಸುವುದಿಲ್ಲ. ಅಳತೆಯಿಲ್ಲದೆ ಆನ್‌ಲೈನ್‌ನಲ್ಲಿ ಕೊಳ್ಳುವ ಸದ್ದು ಹೆಚ್ಚಿಸುವ ಯಂತ್ರಗಳ ಬಗ್ಗೆ ಎಚ್ಚರವಿರಲಿ.

"ತಲೆ ಸುತ್ತಿದರೆ ಬಿಪಿಯೇ ಕಾರಣ." ಯಾವಾಗಲೂ ಅಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೆಲ ಕ್ಷಣ ಕೋಣೆಯೇ ತಿರುಗಿದಂತಾದರೆ, ಒಳಗಿವಿಯ ಸಣ್ಣ ಸುಣ್ಣದ ಹರಳುಗಳು ಜಾಗ ತಪ್ಪಿರಬಹುದು. ತಲೆಯನ್ನು ಕ್ರಮವಾಗಿ ತಿರುಗಿಸಿ ವೈದ್ಯರು ಇದನ್ನು ಸರಿಪಡಿಸುತ್ತಾರೆ.

ಮನೆಯಲ್ಲಿ ಏನು ಮಾಡಬಹುದು?

• ಟಿವಿ ಸದ್ದು ಹೆಚ್ಚುತ್ತಿದ್ದರೆ, "ಏನು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ನೋವಿಲ್ಲದ ಪರೀಕ್ಷೆಯಿದು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಸೌಲಭ್ಯವಿದೆ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲೂ ವಿಚಾರಿಸಿ.
• ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಹಿಯರಿಂಗ್ ಏಡ್ ಸಿಗುತ್ತದೆ. ಹಿರಿಯರ ಸಹಾಯವಾಣಿ 14567.
• ನಡೆಯುತ್ತಿರುವ ಹಿರಿಯರನ್ನು ಹಿಂದಿನಿಂದ ಕೂಗಬೇಡಿ. ಎದುರಿಗೆ ಬಂದು, ಅವರು ನಿಂತ ಮೇಲೆ ಮಾತನಾಡಿ.
• ಬಚ್ಚಲಿಗೆ ಹಿಡಿಕೆ, ರಾತ್ರಿಗೆ ಸಣ್ಣ ದೀಪ ಇರಲಿ.
• ಒಂದು ಕಿವಿ ದಿಢೀರನೆ ಕೇಳದಂತಾದರೆ ಅಂದೇ ಇಎನ್‌ಟಿ ವೈದ್ಯರನ್ನು ಕಾಣಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಅದು ಪಾರ್ಶ್ವವಾಯು ಇರಬಹುದು.

ಒಟ್ಟಿನಲ್ಲಿ, ಕಿವಿ ಮಂದವಾದವರೆಲ್ಲ ಬೀಳುತ್ತಾರೆ ಎಂದೇನಲ್ಲ. ಆದರೆ ಬೀಳುವ ಅಪಾಯವನ್ನು ತಗ್ಗಿಸಬಲ್ಲ ಒಂದು ದಾರಿ ಕಿವಿಯಲ್ಲಿದೆ. ಹಿರಿಯರು ಒಮ್ಮೆ ಬಿದ್ದಿದ್ದರೆ ಕಣ್ಣು, ಬಿಪಿ ಜೊತೆಗೆ ಕಿವಿಯನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ. ಇದನ್ನು ಫ್ಯಾಮಿಲಿ ಗ್ರೂಪ್‌ಗೆ ಕಳಿಸಿ, ಆದರೆ ಅಜ್ಜಿಗೆ ಮಾತ್ರ ಎದುರಿಗೆ ಕೂತು ಓದಿ ಹೇಳಿ.