ಡಯಾಲಿಸಿಸ್ ಮಾಡಿಸುವವರ ಎಲುಬಿನ ಲೆಕ್ಕ

ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯತ್ತ ಹೊರಟರೆ ಸಿಗುವ ಕಣಗಲಾದಂಥ ಊರಿನವರಿಗೆ ಒಂದು ಕಾಲಕ್ಕೆ ಡಯಾಲಿಸಿಸ್ ಎಂದರೆ ಬೆಳಗಾವಿಗೋ, ಗಡಿಯಾಚೆಯ ಕೊಲ್ಹಾಪುರ, ಮಿರಜಿಗೋ ಹೋಗಬೇಕಾದ ಮಾತಾಗಿತ್ತು. 2016–17ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೂ ಈ ಸೇವೆ ಇಳಿದು ಬಂದಿದೆ. ಹೀಗೆ ಜೀವ ಉಳಿದು ವರ್ಷಗಳು ಕೂಡಿದಂತೆ ಎಲುಬಿನ ಪ್ರಶ್ನೆ ಮೇಲೇಳುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಸೊಂಟದ ಕೀಲಿನ ಬಳಿ ತೊಡೆಯ ಎಲುಬು ಮುರಿಯುವ ಸಂಭವ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಎಂದು 2000ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಮನೆಯವರಿಗೆ ಇದಕ್ಕೆ ತಟ್ಟನೆ ಹೊಳೆಯುವ ಪರಿಹಾರ ಮೆಡಿಕಲ್ ಅಂಗಡಿಯ ಕ್ಯಾಲ್ಸಿಯಂ ಗುಳಿಗೆ. ಆ ಪರಿಹಾರ ತಪ್ಪು ಎನ್ನುವುದೇ ಇಲ್ಲಿಯ ವಾದ.

ಕಿಡ್ನಿ ರಕ್ತವನ್ನು ಸೋಸುವುದಷ್ಟೇ ಅಲ್ಲ, ಎಲುಬಿನ ಕಾರಭಾರವನ್ನೂ ನೋಡಿಕೊಳ್ಳುತ್ತದೆ. ಬಿಸಿಲಿನಿಂದ, ಆಹಾರದಿಂದ ಬಂದ ವಿಟಮಿನ್ ಡಿ ಕೊನೆಗೆ ಕೆಲಸಕ್ಕೆ ಬರುವ ರೂಪ ತಾಳುವುದು ಮುಖ್ಯವಾಗಿ ಕಿಡ್ನಿಯಲ್ಲಿ. ಹೆಚ್ಚಾದ ಫಾಸ್ಫರಸ್ಸನ್ನು ಮೂತ್ರದಲ್ಲಿ ಹೊರಹಾಕುವುದೂ ಅದೇ. ಕಿಡ್ನಿ ಸೋತಾಗ ಫಾಸ್ಫರಸ್ ರಕ್ತದಲ್ಲಿ ನಿಲ್ಲುತ್ತದೆ, ವಿಟಮಿನ್ ಡಿ ನಿಷ್ಕ್ರಿಯವಾಗಿಯೇ ಉಳಿಯುತ್ತದೆ, ರಕ್ತದ ಕ್ಯಾಲ್ಸಿಯಂ ಇಳಿಯತೊಡಗುತ್ತದೆ. ಆಗ ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ಪಿಟಿಎಚ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಎಲುಬು ಟೊಳ್ಳಾಗುತ್ತದೆ. ಇದರ ವಿರುದ್ಧ ತುದಿಯೂ ಉಂಟು: ಹಾರ್ಮೋನನ್ನು ಔಷಧದಿಂದ ಅತಿಯಾಗಿ ಅದುಮಿದರೆ, ಇಲ್ಲವೇ ಕ್ಯಾಲ್ಸಿಯಂ ಮಿತಿಮೀರಿದರೆ ಎಲುಬು ಹಳೆಯದನ್ನು ಒಡೆದು ಹೊಸದನ್ನು ಕಟ್ಟುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಅಂಥ ನಿರ್ಜೀವ ಎಲುಬೂ ಮುರಿಯುತ್ತದೆ. ಅದು ತೆಗೆದುಕೊಳ್ಳದ ಕ್ಯಾಲ್ಸಿಯಂ ರಕ್ತನಾಳಗಳ ಗೋಡೆಯಲ್ಲಿ ಕೂತು ಅವನ್ನು ಗಡುಸಾಗಿಸುತ್ತದೆ. ಎರಡರಲ್ಲಿ ಯಾವುದು ಎಂಬುದು ರೋಗಿಯ ನೋವು ಕೇಳಿ ತಿಳಿಯುವಂಥದ್ದಲ್ಲ, ರಕ್ತ ಪರೀಕ್ಷೆ ಬೇಕೇ ಬೇಕು. ಪರೀಕ್ಷೆಯಿಲ್ಲದೆ ನುಂಗಿದ ಕ್ಯಾಲ್ಸಿಯಂ ಹಾನಿಯನ್ನೇ ಮಾಡೀತು.

‘ಯಂತ್ರ ರಕ್ತವನ್ನು ತೊಳೆಯುತ್ತದಲ್ಲ, ಫಾಸ್ಫರಸ್ಸೂ ಹೋಗದೇ?’ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಫಾಸ್ಫರಸ್ ಊಟದಲ್ಲಿದ್ದು, ಅದರ ಶೇಕಡಾ 60 ಮೈಗೆ ಹತ್ತಿದರೂ ವಾರಕ್ಕೆ 4200 ಮಿಲಿಗ್ರಾಂ ಆಯಿತು. ನಾಲ್ಕು ತಾಸಿನ ಒಂದು ಡಯಾಲಿಸಿಸ್ ತೆಗೆಯುವುದು 800ರಿಂದ 1000 ಮಿಲಿಗ್ರಾಂ. ವಾರಕ್ಕೆ ಮೂರು ಸಲ ಮಾಡಿಸಿದರೂ 3000 ದಾಟುವುದಿಲ್ಲ, ನಮ್ಮಲ್ಲಿ ಎಷ್ಟೋ ಜನ ಎರಡೇ ಸಲ ಮಾಡಿಸುತ್ತಾರೆ. ಉಳಿದದ್ದನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಕಳಿಸಲು ವೈದ್ಯರು ಗುಳಿಗೆ ಬರೆಯುತ್ತಾರೆ. ಅವುಗಳಲ್ಲಿ ಕ್ಯಾಲ್ಸಿಯಂ ಅಸಿಟೇಟ್ ಒಂದು, ಕ್ಯಾಲ್ಸಿಯಂ ಇಲ್ಲದ ಸೆವೆಲಮರ್ ಇನ್ನೊಂದು. ಮೊದಲನೆಯದನ್ನು ರೊಟ್ಟಿ ತಿನ್ನುತ್ತಿರುವಾಗಲೇ ನುಂಗಿದರೆ ಅದು ಫಾಸ್ಫರಸ್ಸನ್ನು ಹಿಡಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೇರೆ ಗುಳಿಗೆಗಳ ಜೊತೆ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ, ಕ್ಯಾಲ್ಸಿಯಂ ಮಾತ್ರ ರಕ್ತ ಸೇರುತ್ತದೆ. ಇಷ್ಟು ಸಣ್ಣ ಮಾತನ್ನು ಔಷಧ ಕೊಡುವವರು ಒಂದು ನಿಮಿಷ ನಿಂತು ಹೇಳಬೇಕು.

ಊಟದ ವಿಷಯದಲ್ಲಿ ಕಠಿಣವಾದ ಆಕ್ಷೇಪವಿದೆ: ನೀರಿಗೂ ಉಪ್ಪಿಗೂ ಮಿತಿಯಿರುವವರಿಗೆ ಇನ್ನೆಷ್ಟು ಬೇಡ ಅನ್ನುವುದು? ಆಕ್ಷೇಪ ಸರಿಯಾದದ್ದೇ. ಡಯಾಲಿಸಿಸ್‌ನವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ಕಡಿಮೆಯಿಲ್ಲದಷ್ಟು ಪ್ರೋಟೀನು ಬೇಕು. ಅದನ್ನು ಕಡಿದರೆ ಸ್ನಾಯು ಸೊರಗಿ, ನಡಿಗೆ ತಪ್ಪಿ ಬೀಳುವುದು ಹೆಚ್ಚುತ್ತದೆ. ಆದ್ದರಿಂದ ಬೇಳೆ ಬಿಡಬೇಡಿ, ಫಾಸ್ಫೇಟ್ ಬೆರೆಸಿದ ಕೋಲಾ, ಸಂಸ್ಕರಿತ ಚೀಸಿನಂಥವನ್ನು ಬಿಡಿ. ಕಾಳು-ಬೀಜಗಳ ಫಾಸ್ಫರಸ್ ಅರ್ಧದಷ್ಟೂ ಮೈಗೆ ಹತ್ತುವುದು ಕಷ್ಟ, ಬೆರೆಸಿದ ಫಾಸ್ಫೇಟ್ ಬಹುಪಾಲು ಹತ್ತುತ್ತದೆ. ಹಾಗಾದರೆ ಗೋಕಾಕದ ಕರದಂಟು? ಅಂಟು ತಿಂದರೆ ಟೊಂಕ ಗಟ್ಟಿ ಎಂಬ ನಂಬಿಕೆಯ ನಾಡಿದು. ಆದರೆ ಉತ್ತತ್ತಿ, ಬದಾಮಿ, ಒಣಕೊಬ್ಬರಿ, ಬೆಲ್ಲದ ಪೊಟ್ಯಾಸಿಯಂ ಕಿಡ್ನಿ ಕೆಲಸ ಮಾಡದವರ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಎಲುಬಿಗೆಂದು ಇದನ್ನು ಕೊಡುವುದು ಪ್ರೀತಿಯಿಂದ ಮಾಡುವ ಅಪಾಯ. ಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಕಡಿಮೆಯಾಗುತ್ತದೆ, ಆದರೆ ಬಸಿದ ಕಟ್ಟಿನಿಂದಲೇ ಸಾರು ಮಾಡಿ ಬಡಿಸಿದರೆ ಹೋದದ್ದೆಲ್ಲ ತಟ್ಟೆಗೆ ಮರಳಿತು.

‘ಜೀವವೇ ದೊಡ್ಡದು, ಎಲುಬಿನ ಚಿಂತೆ ಆಮೇಲೆ’ ಎನ್ನುವವರೂ ಇದ್ದಾರೆ. ಆದರೆ ಡಯಾಲಿಸಿಸ್‌ನವರಲ್ಲಿ ಸೊಂಟದ ಮುರಿತವಾದ ಮೇಲೆ ಒಂದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡದ್ದನ್ನು ಅಧ್ಯಯನಗಳು ದಾಖಲಿಸಿವೆ. ಎಲುಬಿನ ಚಿಂತೆ ಜೀವದ ಚಿಂತೆಯೇ. ಎಲುಬು ಸವೆತಕ್ಕೆ ಎಲ್ಲರಿಗೂ ಕೊಡುವ ಚುಚ್ಚುಮದ್ದು ಹಾಕಿಸಿದರಾಯಿತು ಎಂದೂ ಸುಮ್ಮನಾಗುವಂತಿಲ್ಲ: ಡೆನೊಸುಮಾಬ್ ಎಂಬ ಚುಚ್ಚುಮದ್ದಿನಿಂದ ಡಯಾಲಿಸಿಸ್‌ನವರಲ್ಲಿ ಕ್ಯಾಲ್ಸಿಯಂ ಅಪಾಯಕರವಾಗಿ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಅತಿ ಗಂಭೀರ ಎಚ್ಚರಿಕೆ ಕೊಟ್ಟಿತು. ಬೀಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ: ಡಯಾಲಿಸಿಸ್ ಮುಗಿದೊಡನೆ ಎಷ್ಟೋ ಸಲ ಬಿಪಿ ಇಳಿದಿರುತ್ತದೆ, ಆಗಲೇ ಎದ್ದು ಬಸ್ಸಿಗೆ ಓಡಿದರೆ ಬೀಳುವುದು ಸುಲಭ. ಅರ್ಧ ತಾಸು ಕೂತು, ಜೊತೆಗೆ ಒಬ್ಬರನ್ನು ಇಟ್ಟುಕೊಂಡು ಹೊರಡುವುದಕ್ಕೆ ಖರ್ಚಿಲ್ಲ.

ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಕ್ಯಾಲ್ಸಿಯಂ, ಫಾಸ್ಫರಸ್ ಪರೀಕ್ಷೆ ಒಂದರಿಂದ ಮೂರು ತಿಂಗಳಿಗೊಮ್ಮೆ, ಪಿಟಿಎಚ್ ಮೂರರಿಂದ ಆರು ತಿಂಗಳಿಗೊಮ್ಮೆ ಆಗಬೇಕು. ಡಯಾಲಿಸಿಸ್ ಉಚಿತವಾಗಿರುವ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆಗಳೂ ಉಚಿತವಾಗಿ, ತಪ್ಪದೆ ನಡೆಯಬೇಕು. ಅಲ್ಲಿಯವರೆಗೆ ರೋಗಿಯ ಮನೆಯವರು ಮುಂದಿನ ಸರದಿಗೆ ಹೋದಾಗ ವೈದ್ಯರನ್ನು ಕೇಳಿ: ಪಿಟಿಎಚ್ ಕೊನೆಯ ಸಲ ನೋಡಿದ್ದು ಯಾವಾಗ?